ಫಿಕ್ಸಿ ಸೈಕಲ್ಲಿಗೆ ಹೊಸ ಫೋರ್ಕ್: ಕೊಳ್ಳುವ ಮುಂಚೆ ಏನೇನು ಅಳೆಯಬೇಕು?

ಪುಣೆಗೆ ಸೈಕಲ್ಲುಗಳ ಊರು ಅಂತಲೇ ಒಂದು ಕಾಲದಲ್ಲಿ ಹೆಸರಿತ್ತು. ಬೆಳಗಾವಿ, ವಿಜಯಪುರ, ಹುಬ್ಬಳ್ಳಿ ಕಡೆಯಿಂದ ಓದಲು, ದುಡಿಯಲು ಇಲ್ಲಿಗೆ ಬಂದವರಲ್ಲೂ ಸೈಕಲ್ ಹುಚ್ಚಿನವರಿದ್ದಾರೆ. ಹಳೆಯ ಸ್ಟೀಲ್ ಫ್ರೇಮ್ ಹುಡುಕಿ ತಂದು, ಗೇರುಗಳನ್ನು ಕಿತ್ತು, ಫಿಕ್ಸಿ ಮಾಡಿಕೊಂಡು ಓಡಿಸುತ್ತಾರೆ. ಮುಂಗಾಲಿ ಗುಂಡಿಗೋ ಡಿವೈಡರಿಗೋ ಬಡಿದು ಫೋರ್ಕ್, ಅಂದರೆ ಮುಂಗಾಲಿಯನ್ನು ಹಿಡಿದಿರುವ ಕವಲು, ಬಾಗಿದಾಗ ಬರುವ ಮೊದಲ ಪ್ರಶ್ನೆ, ‘ಈ ಫೋರ್ಕ್ ನನ್ನ ಸೈಕಲ್ಲಿಗೆ ಕೂರುತ್ತಾ?’ ಕೂರುವುದು ಬೇರೆ, ಹೊಂದುವುದು ಬೇರೆ. ಫಿಕ್ಸಿಯಲ್ಲಿ ಹಿಂಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಕಾಲು ನಿಲ್ಲಿಸುವ ಅವಕಾಶವೇ ಇಲ್ಲ. ಹಾಗಾಗಿ ಹೊಂದದ ಫೋರ್ಕ್ ಇಲ್ಲಿ ಬೇರೆ ಸೈಕಲ್ಲಿಗಿಂತ ಜಾಸ್ತಿ ಕಾಡುತ್ತದೆ.

ಮೊದಲು ಫ್ರೇಮ್ ನೋಡಿ

ಫೋರ್ಕ್ ಬಾಗುವಷ್ಟು ಪೆಟ್ಟು ಬಿದ್ದಿದ್ದರೆ ಫ್ರೇಮಿಗೂ ತಗುಲಿರಬಹುದು. ಫೋರ್ಕಿನ ಮೇಲ್ಭಾಗ ತೂರುವ, ಫ್ರೇಮಿನ ಮುಂದಿನ ಗಿಡ್ಡ ಪೈಪೇ ಹೆಡ್‌ಟ್ಯೂಬ್. ಅದರ ಹಿಂದೆ, ಕೆಳಗಿನ ಪೈಪಿನ ಅಡಿಯಲ್ಲಿ ಬೆರಳಾಡಿಸಿ. ಬಣ್ಣ ಬಿರುಕು ಬಿಟ್ಟಿದೆಯಾ, ಪೈಪು ಸಣ್ಣಗೆ ಉಬ್ಬಿದೆಯಾ ಅಂತ ನೋಡಿ. ಹಾಗಿದ್ದರೆ ಹೊಸ ಫೋರ್ಕಿಗೆ ದುಡ್ಡು ಹಾಕಬೇಡಿ, ಫ್ರೇಮನ್ನೇ ಬದಲಿಸಬೇಕು.

ಸ್ಟೀರರ್ ಅಳತೆ

ಹೆಡ್‌ಟ್ಯೂಬಿನೊಳಗೆ ಹೋಗುವ ಕೊಳವೆಯೇ ಸ್ಟೀರರ್. ಹಳೆಯ ಫೋರ್ಕ್ ಬಿಚ್ಚಿಸಿ, ವರ್ನಿಯರ್ ಕ್ಯಾಲಿಪರ್‌ನಲ್ಲಿ ಅದರ ಹೊರಗಿನ ದಪ್ಪ ಅಳೆಯಿರಿ. 25.4 ಮಿ.ಮೀ. ಬಂದರೆ ಅದು ಒಂದು ಇಂಚಿನದು. 28.6 ಬಂದರೆ ಒಂದೂ ಕಾಲು ಅಲ್ಲ, ಒಂದೂ ಎಂಟನೇ ಒಂದು ಇಂಚಿನದು. ಮೇಲೆ 28.6 ಇದ್ದು ಕೆಳಗೆ ಒಂದೂವರೆ ಇಂಚಿಗೆ ಅಗಲವಾಗುವ ಫೋರ್ಕ್‌ಗಳೂ ಇವೆ. ಸಾಮಾನ್ಯ ನೇರ ಹೆಡ್‌ಟ್ಯೂಬಿಗೆ ಅವು ಹೋಗುವುದಿಲ್ಲ.

ಆಮೇಲೆ ಮರೆ, ಅಂದರೆ ಥ್ರೆಡ್, ಇದೆಯಾ ಇಲ್ಲವಾ ನೋಡಿ. ಮರೆ ಇರುವ ಸ್ಟೀರರ್ ಮೇಲೆ ನಟ್ ಬಿಗಿಯುತ್ತಾರೆ, ಹ್ಯಾಂಡಲನ್ನು ಹಿಡಿಯುವ ಸ್ಟೆಮ್ ಒಳಗಿಳಿಯುತ್ತದೆ. ಮರೆ ಇಲ್ಲದ್ದಕ್ಕೆ ಸ್ಟೆಮ್ ಹೊರಗಿನಿಂದ ಕಚ್ಚಿಕೊಳ್ಳುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗಬಹುದು, ಆದರೆ ಹೆಡ್‌ಸೆಟ್ (ಹೆಡ್‌ಟ್ಯೂಬಿನ ಮೇಲೆ ಕೆಳಗೆ ಕೂರುವ ಬೇರಿಂಗ್ ಜೋಡಿ) ಮತ್ತು ಸ್ಟೆಮ್ ಎರಡನ್ನೂ ಹೊಸದಾಗಿ ಕೊಳ್ಳಬೇಕು. ಫೋರ್ಕ್ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡುವ ಮುಂಚೆ ಈ ಲೆಕ್ಕ ಹಾಕಿ.

ಒಂದು ಇಂಚಿನದರಲ್ಲಿ ಇನ್ನೊಂದು ತೊಡಕಿದೆ. ಕ್ರೌನ್ ರೇಸ್ ಅಂದರೆ ಕೆಳಗಿನ ಬೇರಿಂಗಿಗೆ ಆಧಾರವಾಗಿ ಸ್ಟೀರರಿನ ಬುಡದಲ್ಲಿ ಕೂರುವ ಬಳೆ. ಅದು ಕೂರುವ ಜಾಗ ಕೆಲವು ಫೋರ್ಕ್‌ಗಳಲ್ಲಿ 26.4, ಕೆಲವುಗಳಲ್ಲಿ 27.0 ಮಿ.ಮೀ. ಇರುತ್ತದೆ. 0.6 ಮಿ.ಮೀ. ಏನು ಮಹಾ ಅನ್ನಬೇಡಿ. ದೊಡ್ಡ ರೇಸ್ ಚಿಕ್ಕ ಜಾಗದಲ್ಲಿ ಸಡಿಲಾಗಿ ಆಡುತ್ತದೆ. ಚಿಕ್ಕ ರೇಸನ್ನು ದೊಡ್ಡ ಜಾಗಕ್ಕೆ ಬಡಿದು ಕೂರಿಸಲು ಹೋದರೆ ಒಡೆಯುತ್ತದೆ. ತಗಡು ಸುತ್ತಿ ಕೂರಿಸಿಕೊಡುತ್ತೇವೆ ಅಂದರೆ ಒಪ್ಪಬೇಡಿ.

ಉದ್ದದ ವಿಷಯಕ್ಕೆ ಬಂದರೆ, ಮರೆ ಇಲ್ಲದ ಸ್ಟೀರರ್ ಸ್ವಲ್ಪ ಉದ್ದವಿದ್ದರೆ ಕತ್ತರಿಸಬಹುದು. ಹೆಡ್‌ಟ್ಯೂಬ್, ಹೆಡ್‌ಸೆಟ್, ಸ್ಪೇಸರ್ (ಸ್ಟೆಮ್ ಕೆಳಗಿನ ಬಳೆಗಳು), ಸ್ಟೆಮ್ ಎಲ್ಲದರ ಎತ್ತರ ಕೂಡಿ, ಅದರಲ್ಲಿ 3 ಮಿ.ಮೀ. ಕಳೆಯಿರಿ. ಮರೆ ಇರುವುದಾದರೆ ಹುಷಾರು: ಮರೆ ಕೆಳಗಿನವರೆಗೆ ಸಾಕಷ್ಟು ಇಳಿದಿರಬೇಕು, ಇಲ್ಲದಿದ್ದರೆ ಕತ್ತರಿಸಿದ ಮೇಲೆ ನಟ್‌ಗೆ ಜಾಗವೇ ಇರುವುದಿಲ್ಲ. ಗಿಡ್ಡ ಸ್ಟೀರರ್ ಅಂತೂ ಯಾವ ಕೆಲಸಕ್ಕೂ ಬಾರದು.

ಫೋರ್ಕಿನ ಎತ್ತರ, ಫೋರ್ಕಿನ ಬಾಗು

ಇಲ್ಲಿಯೇ ಜನ ಎಡವುವುದು. ಸ್ಟೀರರ್ ಸರಿಹೋಯಿತು, ಗಾಲಿ ಕೂತಿತು, ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಸೈಕಲ್ ಹೇಗೆ ತಿರುಗುತ್ತದೆ ಅನ್ನುವುದನ್ನು ಮುಂದಿನ ಎರಡು ಅಳತೆಗಳು ನಿರ್ಧರಿಸುತ್ತವೆ.

ಒಂದು, ಆಕ್ಸಲ್ ಕೂರುವ ಸೀಳಿನ ನಡುವಿನಿಂದ ಕ್ರೌನ್ ರೇಸ್ ಕೂರುವ ಜಾಗದವರೆಗಿನ ಎತ್ತರ. 700ಸಿ (622 ಮಿ.ಮೀ. ರಿಮ್ಮಿನ) ಗಾಲಿಯ ರೋಡ್ ಮತ್ತು ಟ್ರ್ಯಾಕ್ (ರೇಸ್ ಮೈದಾನದ) ಫೋರ್ಕ್‌ಗಳಲ್ಲಿ ಇದು ಸಾಮಾನ್ಯವಾಗಿ 365ರಿಂದ 375 ಮಿ.ಮೀ. ಅಗಲ ಟೈರಿನ ಸೈಕ್ಲೋಕ್ರಾಸ್ ಫೋರ್ಕ್ 395ರ ಆಸುಪಾಸು. 370ರ ಜಾಗಕ್ಕೆ 395 ಹಾಕಿದರೆ ಸೈಕಲ್ಲಿನ ಮೂತಿ ಮೇಲೇಳುತ್ತದೆ, ಹೆಡ್‌ಟ್ಯೂಬಿನ ಕೋನ 1 ಡಿಗ್ರಿಗೂ ಜಾಸ್ತಿ ಹಿಂದಕ್ಕೆ ವಾಲುತ್ತದೆ, ತಿರುವು ಮಂಕಾಗುತ್ತದೆ. ಹಳೆಯದಕ್ಕೂ ಹೊಸದಕ್ಕೂ 5 ಮಿ.ಮೀ. ವ್ಯತ್ಯಾಸವಿದ್ದರೆ ತೊಂದರೆ ಇಲ್ಲ. 10 ದಾಟಿದರೆ ನಾನು ಕೊಳ್ಳುವುದಿಲ್ಲ. ನೆನಪಿರಲಿ, ಬಾಗಿದ ಫೋರ್ಕನ್ನು ಅಳೆದರೆ ತಪ್ಪು ಲೆಕ್ಕ ಸಿಗುತ್ತದೆ. ಕಂಪನಿಯ ಅಳತೆ ಪಟ್ಟಿ ಸಿಕ್ಕರೆ ಅದನ್ನೇ ನಂಬಿ.

ಎರಡು, ಬಾಗು. ಇದಕ್ಕೆ ರೇಕ್ ಅಂತಾರೆ. ಸ್ಟೀರರಿನ ನಡುಗೆರೆಯಿಂದ ಆಕ್ಸಲ್ ಎಷ್ಟು ಮುಂದಿದೆ ಅನ್ನುವುದೇ ರೇಕ್. ರೋಡ್ ಫೋರ್ಕ್‌ಗಳಲ್ಲಿ 43, 45 ಮಿ.ಮೀ. ಮಾಮೂಲು. ಟ್ರ್ಯಾಕ್ ಫೋರ್ಕ್‌ಗಳಲ್ಲಿ 30ರ ಹತ್ತಿರದವೂ ಇವೆ. 73 ಡಿಗ್ರಿ ಕೋನದ ಫ್ರೇಮಿನಲ್ಲಿ 43ರ ರೇಕ್ ಇದ್ದರೆ ಟ್ರೇಲ್, ಅಂದರೆ ಸ್ಟೀರರಿನ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರು ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ, ಸುಮಾರು 58 ಮಿ.ಮೀ. ಬರುತ್ತದೆ. ಅದೇ ಫ್ರೇಮಿಗೆ 30ರದ್ದು ಹಾಕಿದರೆ ಸುಮಾರು 71 ಆಗುತ್ತದೆ. ಟ್ರೇಲ್ ಹೆಚ್ಚಿದಷ್ಟೂ ಸೈಕಲ್ ನೇರ ಹೋಗಲು ಹಟ ಮಾಡುತ್ತದೆ, ನಿಧಾನ ವೇಗದಲ್ಲಿ ಹ್ಯಾಂಡಲ್ ಭಾರ ಅನಿಸುತ್ತದೆ. ಲಕ್ಷ್ಮಿ ರೋಡಿನ ಸಂಜೆಯ ನೂಕುನುಗ್ಗಲಲ್ಲಿ ಅದು ಯಾರಿಗೆ ಬೇಕು?

ಅದಕ್ಕಿಂತ ದೊಡ್ಡ ಚಿಂತೆ ಕಾಲ್ಬೆರಳಿನದು. ರೇಕ್ 13 ಮಿ.ಮೀ. ಕಡಿಮೆಯಾದರೆ ಮುಂಗಾಲಿ ಹೆಚ್ಚುಕಡಿಮೆ ಅಷ್ಟೇ ಹತ್ತಿರ ಬರುತ್ತದೆ. ತಿರುವಿನಲ್ಲಿ ಶೂ ತುದಿ ಟೈರಿಗೆ ತಾಗಬಹುದು. ಬೇರೆ ಸೈಕಲ್ಲಾದರೆ ಪೆಡಲ್ ನಿಲ್ಲಿಸಿ ಪಾರಾಗುತ್ತೀರಿ. ಫಿಕ್ಸಿಯಲ್ಲಿ ಪೆಡಲ್ ಬಂದೇ ಬರುತ್ತದೆ. ಊರಲ್ಲಿ ಓಡಿಸುವವರು 40ರಿಂದ 45ರ ರೇಕ್ ನೋಡಿಕೊಳ್ಳುವುದು ಒಳ್ಳೆಯದು.

ಬ್ರೇಕಿನ ತೂತು

ಟ್ರ್ಯಾಕ್‌ಗೆಂದೇ ಮಾಡಿದ ಫೋರ್ಕ್‌ಗಳಲ್ಲಿ ಬ್ರೇಕಿಗೆ ತೂತೇ ಇರುವುದಿಲ್ಲ. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಚಾಂದನಿ ಚೌಕದಿಂದ ಕೋಥ್ರೂಡ್ ಕಡೆಗೆ ಇಳಿಯುವಾಗ ಬರೀ ಕಾಲಿನಿಂದ ಸೈಕಲ್ ತಡೆಯುತ್ತೇನೆ ಅನ್ನುವುದು ಸರಿಯಲ್ಲ. ತೂತಿರುವ ಫೋರ್ಕನ್ನೇ ಕೊಳ್ಳಿ, ಮುಂದಿನ ಬ್ರೇಕ್ ಹಾಕಿಸಿ. ತೂತಿಲ್ಲದ ಫೋರ್ಕಿಗೆ ಡ್ರಿಲ್ ಹೊಡೆಸಬೇಡಿ, ಕಾರ್ಬನ್ ಆದರಂತೂ ಖಂಡಿತ ಬೇಡ.

ತೂತಿನಿಂದ ರಿಮ್ಮಿನಲ್ಲಿ ರಬ್ಬರ್ ತಾಗುವ ಜಾಗದವರೆಗಿನ ದೂರ ಅಳೆಯಿರಿ. 39–49 ಮಿ.ಮೀ. ಮತ್ತು 47–57 ಮಿ.ಮೀ. ಎಂಬ ಎರಡು ಅಳತೆಯ ಬ್ರೇಕುಗಳು ಹೆಚ್ಚು ಬಳಕೆಯಲ್ಲಿವೆ. 27 ಇಂಚಿನ ಗಾಲಿಯ ಹಳೆಯ ಫ್ರೇಮಿಗೆ 700ಸಿ ಹಾಕಿದವರಿಗೆ ಇದು ಮುಖ್ಯ. ರಿಮ್ಮಿನ ವ್ಯಾಸ 630ರಿಂದ 622 ಮಿ.ಮೀ.ಗೆ ಇಳಿಯುವುದರಿಂದ ಬ್ರೇಕ್ 4 ಮಿ.ಮೀ. ಕೆಳಗೆ ಚಾಚಬೇಕಾಗುತ್ತದೆ.

ಆಕ್ಸಲ್ ಜಾಗದ ಅಗಲ 100 ಮಿ.ಮೀ. ಇರಲಿ. ಟೈರಿನ ಎರಡೂ ಬದಿಗೆ, ಮೇಲೆ ಕೂಡ, ಕೆಲವು ಮಿಲಿಮೀಟರ್ ಖಾಲಿ ಇರಬೇಕು. ಮಳೆಗಾಲಕ್ಕೆ ಮಡ್‌ಗಾರ್ಡ್ ಹಾಕುವವರು ಇನ್ನಷ್ಟು ಜಾಗ ಬಿಡಿ. ಅಂಗಡಿಯಲ್ಲಿ ಸುಮ್ನೆ ‘ಫೋರ್ಕ್ ಕೊಡಿ’ ಅಂದರೆ 28 ಇಂಚಿನ ಹಳೇ ಮಾದರಿ ಸೈಕಲ್ಲಿನದನ್ನು ಕೈಗಿಡಬಹುದು. ಅದು 635ರ ರಿಮ್ಮಿಗೆ ಮಾಡಿದ್ದು, ನಮಗಲ್ಲ.

ಯಾವ ಲೋಹ ಅಂತ ಕೇಳಿದರೆ, ನಮ್ಮ ರಸ್ತೆಗಳಿಗೆ ಕ್ರೋಮೊಲಿ ಸ್ಟೀಲ್ ಅನ್ನುತ್ತೇನೆ. ತುಸು ಭಾರ, ಆದರೆ ಪೆಟ್ಟು ತಿಂದರೆ ಬಾಗಿ ತೋರಿಸುತ್ತದೆ. ಕಾರ್ಬನ್ನಿನೊಳಗಿನ ಬಿರುಕು ಕಣ್ಣಿಗೆ ಕಾಣದೆ ಇರಬಹುದು.

ಕೂರಿಸಿದ ಮೇಲೆ

ಸ್ಟೀಲ್ ಸ್ಟೀರರಿನ ಒಳಗೆ ಎಣ್ಣೆ ಸವರಿ, ರೇಸ್ ಕೂರುವ ಜಾಗಕ್ಕೆ ಗ್ರೀಸ್ ಹಚ್ಚಿಸಿ. ಎಲ್ಲ ಬಿಗಿದ ಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಾಡಿಸಿ. ಟಕ್ ಟಕ್ ಅಂದರೆ ಹೆಡ್‌ಸೆಟ್ ಸಡಿಲ, ಹ್ಯಾಂಡಲ್ ಬಿಗಿಯಾಗಿ ತಿರುಗಿದರೆ ಅತಿ ಬಿಗಿ. ಆಮೇಲೆ ಶೂ ಹಾಕಿಕೊಂಡು ಪೆಡಲ್ ಮುಂದಕ್ಕೆ ತಂದು, ಹ್ಯಾಂಡಲ್ ತಿರುಗಿಸಿ ಬೆರಳು ತಾಗುತ್ತದಾ ನೋಡಿ. ಬೇರಿಂಗ್ ಕಪ್‌ಗಳು ಕೂತುಕೊಳ್ಳುತ್ತಾ ತುಸು ಸಡಿಲವಾಗುವುದು ಸಹಜ. ಒಂದು ವಾರ ಓಡಿಸಿದ ಮೇಲೆ ಹೆಡ್‌ಸೆಟ್ಟನ್ನು ಮತ್ತೊಮ್ಮೆ ಬಿಗಿ ಮಾಡಿಸಿ.