ಜೈಲಿನ ಬದಲು ಊರಿನಲ್ಲೇ ಚಿಕಿತ್ಸೆ: ಮಂಡ್ಯದಲ್ಲಿ ಕೈಗೂಡಿದ ಕ್ರಮ

ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಸುಳ್ಳು ನಂಬಿಕೆಗಳು ಕಾಡುವ ತೀವ್ರ ಮನೋರೋಗ) ಇರುವ ಆರೋಪಿಯನ್ನು ಜಾಮೀನಿನ ಮೇಲೆ ಊರಿಗೆ ಕಳುಹಿಸಿದರೆ ಎರಡು ತಿಂಗಳಲ್ಲಿ ಮತ್ತೆ ಠಾಣೆಗೆ ಬರುತ್ತಾನೆ ಎಂದು ನನ್ನ ಹಿರಿಯ ಸಹೋದ್ಯೋಗಿಗಳೇ ಹೇಳುತ್ತಿದ್ದರು. ಮನೋವೈದ್ಯಕೀಯ ಸಮಾಜ ಕಾರ್ಯಕರ್ತನಾಗಿ ನಾನು ಕೈಗೆತ್ತಿಕೊಂಡ ಹದಿನೈದಕ್ಕೆ ಸಮೀಪದ ಪ್ರಕರಣಗಳಲ್ಲಿ ಮುಕ್ಕಾಲು ಪಾಲು ಮಂದಿ ಇಂದು ಮದ್ದೂರು, ಮಳವಳ್ಳಿ ಕಡೆಯ ತಮ್ಮ ಊರುಗಳಲ್ಲೇ ದುಡಿದು ಉಣ್ಣುತ್ತಿದ್ದಾರೆ ಎಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 369ನೇ ಕಲಮು, ಅಂದರೆ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 330, ಮನೋರೋಗದಿಂದ ವಿಚಾರಣೆ ಎದುರಿಸಲಾಗದ ಆರೋಪಿಯನ್ನು ಜಾಮೀನಿನ ಮೇಲೆ ಬಿಡಲು ಅವಕಾಶ ಕೊಡುತ್ತದೆ. ಹೊರರೋಗಿ ಚಿಕಿತ್ಸೆ ಕೊಡಿಸುವೆನೆಂದು ಸಂಬಂಧಿಯಾಗಲಿ ಸ್ನೇಹಿತನಾಗಲಿ ಮುಚ್ಚಳಿಕೆ ಬರೆದುಕೊಡಬಹುದು. ಆದರೆ ಎಲ್ಲರೂ ಒಡಹುಟ್ಟಿದವರನ್ನೇ ಹುಡುಕಿಕೊಂಡು ಹೋಗುತ್ತಾರೆ. ಆಸ್ತಿ ಪಾಲಾಗದ ಮನೆಗಳಲ್ಲಿ ಅಣ್ಣತಮ್ಮಂದಿರಿಗೆ ರೋಗಿ ಒಳಗಿರುವುದೇ ಅನುಕೂಲ. ಆರಂಭದ ಪ್ರಕರಣಗಳು ಮುರಿದುಬಿದ್ದದ್ದು ಅಲ್ಲಿಯೇ. ಒಬ್ಬ ಅಣ್ಣನಂತೂ ಮಾತ್ರೆಗಳನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದ. ಅಲ್ಲಿಂದೀಚೆಗೆ ಸೋದರಮಾವನನ್ನೋ, ಹಿಂದೆ ಕೆಲಸ ಕೊಟ್ಟಿದ್ದ ಆಲೆಮನೆಯ ಯಜಮಾನನನ್ನೋ ಮುಚ್ಚಳಿಕೆಗೆ ಒಪ್ಪಿಸುತ್ತಿದ್ದೇನೆ. ಯಜಮಾನರನ್ನು ಒಪ್ಪಿಸುವ ಮಾತಿನ ಕ್ರಮ ನನ್ನದೇ ಆದದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ.

ಮಾತ್ರೆಗಳನ್ನು ನಂಬದೆ, ವೈದ್ಯರ ಒಪ್ಪಿಗೆ ಪಡೆದು, ಮೂರು-ನಾಲ್ಕು ವಾರಗಳಿಗೊಮ್ಮೆ ಕೊಡುವ ಫ್ಲೂಫೆನಜೀನ್ ಎಂಬ ಮನೋರೋಗದ ಔಷಧದ ಚುಚ್ಚುಮದ್ದಿಗೆ ಬಂದೆವು. ಅದರ ಅಡ್ಡಪರಿಣಾಮದಿಂದ ಮೈ ಬಿಗಿದು ಕಬ್ಬಿನ ಕಂತೆ ಎತ್ತಲಾಗದೆ ಇಬ್ಬರು ಕೆಲಸ ಬಿಟ್ಟರು. ವೈದ್ಯರು ಪ್ರಮಾಣ ಇಳಿಸಿ, ಬಿಗಿತಕ್ಕೆ ಬೇರೆ ಮಾತ್ರೆ ಸೇರಿಸಿದ ಮೇಲೆ ಒಬ್ಬರು ಮರಳಿದರು. ಈ ನಡುವೆ ಚುಚ್ಚುಮದ್ದನ್ನು ಸಂತೆಯ ದಿನಕ್ಕೆ ಹೊಂದಿಸಿ ನೋಡಿದಾಗ, ಹೇಗೂ ಪೇಟೆಗೆ ಬರುವವರು ಆಸ್ಪತ್ರೆಗೂ ಬಂದು ಹೋಗತೊಡಗಿದರು ಮತ್ತು ತಪ್ಪುವ ಸರದಿಗಳು ಅರ್ಧಕ್ಕಿಂತ ಕಡಿಮೆಯಾದವು. ಕಬ್ಬು ಕಡಿಯುವ ಕಾಲದಲ್ಲಿ ಮಾತ್ರ ಇದೂ ಸಾಲದೆ, ಆಶಾ ಕಾರ್ಯಕರ್ತೆಯರು ಹಿಂದಿನ ಸಂಜೆಯೇ ಮನೆಗೆ ಹೋಗಿ ನೆನಪಿಸಬೇಕಾಗುತ್ತದೆ.

ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿದ್ದರೂ ಬಸ್ಸು, ಊಟ, ನ್ಯಾಯಾಲಯದ ಓಡಾಟ ಸೇರಿ ಒಬ್ಬರಿಗೆ ತಿಂಗಳಿಗೆ ಸುಮಾರು 700 ರೂಪಾಯಿ ಬೀಳುತ್ತದೆ, ದಾಸ್ತಾನು ಮುಗಿದು ಹೊರಗಿನಿಂದ ಕೊಂಡಾಗ ಇನ್ನೂ ಹೆಚ್ಚು. ಮೊದಲ ವರ್ಷ ಬಹುಪಾಲು ನನ್ನ ಜೇಬಿನಿಂದಲೇ ಹೋಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿರುವುದರಿಂದ, ಈಗ ಪ್ರತಿಯೊಬ್ಬರಿಗೂ ಮೊದಲು ಅಂಗವೈಕಲ್ಯದ ಗುರುತಿನ ಚೀಟಿ, ಅನಂತರ ಮಾಸಾಶನ ಮಾಡಿಸುತ್ತೇನೆ. ಅರ್ಹತೆ ಸಿಕ್ಕವರ ಓಡಾಟದ ಖರ್ಚು ಅದರಲ್ಲೇ ನಡೆಯುತ್ತಿದೆ. ಮುಚ್ಚಳಿಕೆ ಬರೆದುಕೊಡಲು ಯಾರೂ ಇಲ್ಲದ ಮೂವರು ಇನ್ನೂ ಒಳಗಿದ್ದಾರೆ, ಮುಂದಿನ ಕೆಲಸ ಅವರದು.