ಗೆಸ್ಟ್ ವೈಫೈ ಇದ್ದೂ ಬೇರೆಯಾಗದ ಮನೆಯ ಜಾಲ: ನನ್ನ ಅನುಭವ

ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಗೆ ಶಿರಸಿಯ ನಮ್ಮ ಮನೆ ನೆಂಟರಿಂದ ತುಂಬುತ್ತದೆ. ಬಂದವರಿಗೆಲ್ಲ ಮನೆಯ ಪಾಸ್‌ವರ್ಡ್ ಹಂಚುವುದು ಬೇಡವೆಂದು ಈ ಬಾರಿ ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್, ಅಂದರೆ ಅತಿಥಿಗಳಿಗೆಂದೇ ಬೇರೆ ಹೆಸರಿನ ವೈಫೈ ಜಾಲ, ತೆರೆದೆ. ಇಂಟರ್ನೆಟ್ ಸರಿಯಾಗಿಯೇ ಬಂತು. ಆದರೆ ಪರೀಕ್ಷೆಗೆಂದು ನನ್ನ ಫೋನನ್ನು ಅದಕ್ಕೆ ಜೋಡಿಸಿ, ಬ್ರೌಸರ್‌ನಲ್ಲಿ ಸಿಸಿಟಿವಿ ರೆಕಾರ್ಡರ್‌ನ ವಿಳಾಸ ಬರೆದಾಗ ಅದರ ಲಾಗಿನ್ ಪುಟ ಕಣ್ಣೆದುರೇ ತೆರೆದುಕೊಂಡಿತು. ಹೆಸರು ಬೇರೆಯಾಗಿತ್ತೇ ಹೊರತು ಜಾಲ ಒಂದೇ ಆಗಿತ್ತು.

ಕಾರಣ ತಿಳಿಯಲು ಒಂದು ಸಂಜೆ ಹಿಡಿಯಿತು. ಫೈಬರ್ ಮೋಡೆಮ್‌ಗೆ ಜೋಡಿಸಿದ್ದ ನನ್ನ ರೂಟರ್ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿತ್ತು, ಅಂದರೆ ಸ್ವಂತ ಜಾಲ ಕಟ್ಟದೆ ಮೋಡೆಮ್‌ನ ಜಾಲವನ್ನೇ ವೈಫೈ ಮೂಲಕ ಹರಡುತ್ತಿತ್ತು. ಆ ಮೋಡ್‌ನಲ್ಲಿ ಐಪಿ ವಿಳಾಸ (ಜಾಲದಲ್ಲಿ ಪ್ರತಿ ಸಾಧನವನ್ನು ಗುರುತಿಸುವ ಸಂಖ್ಯೆ) ಹಂಚುವುದು ಮೋಡೆಮ್ ಆದ್ದರಿಂದ, ಅತಿಥಿಗಳ ಫೋನಿಗೂ ನಮ್ಮ ರೆಕಾರ್ಡರ್‌ಗೂ 192.168.1 ಸರಣಿಯ ವಿಳಾಸಗಳೇ ಸಿಗುತ್ತಿದ್ದವು. ಅದನ್ನು ತನ್ನದೇ ಜಾಲ ಕಟ್ಟುವ ರೂಟರ್ ಮೋಡ್‌ಗೆ ಬದಲಿಸಿ, ಮೋಡೆಮ್‌ನೊಂದಿಗೆ ಘರ್ಷಣೆಯಾಗದಂತೆ ರೂಟರ್‌ನ ವಿಳಾಸವನ್ನು 192.168.2.1 ಎಂದು ಇಟ್ಟು, ಮೋಡೆಮ್‌ನ ಸ್ವಂತ ವೈಫೈ ಆಫ್ ಮಾಡಿದೆ. ಮುಖ್ಯವಾದ ಇನ್ನೊಂದು ಕೆಲಸವೆಂದರೆ, ಮೋಡೆಮ್‌ನಲ್ಲಿದ್ದ ರೆಕಾರ್ಡರ್‌ನ ಕೇಬಲ್ ತೆಗೆದು ರೂಟರ್‌ನ ಲ್ಯಾನ್ ಪೋರ್ಟ್‌ಗೆ (ಮನೆಯ ಸಾಧನಗಳನ್ನು ಕೇಬಲ್‌ನಿಂದ ಜೋಡಿಸುವ ಕಿಂಡಿ) ಹಾಕಿದ್ದು. ರೂಟರ್ ಕಾಯುವುದು ತನ್ನ ಜಾಲವನ್ನಷ್ಟೇ ಆದ್ದರಿಂದ, ರೆಕಾರ್ಡರ್ ಅನ್ನು ಮೋಡೆಮ್‌ನಲ್ಲಿಯೇ ಬಿಟ್ಟಿದ್ದರೆ ಅತಿಥಿ ಜಾಲದಿಂದ ಅದು ಮತ್ತೆ ಸಿಗುವ ಸಾಧ್ಯತೆಯಿತ್ತು. ಕೊನೆಗೆ ಗೆಸ್ಟ್ ಪುಟದಲ್ಲಿ ಸ್ಥಳೀಯ ಜಾಲದ ಪ್ರವೇಶಕ್ಕೆ ಅನುಮತಿ ನೀಡುವ ಆಯ್ಕೆಯ ಗುರುತನ್ನು ತೆಗೆದೆ.

ನಮ್ಮದು ದಪ್ಪ ಚಿರೆಕಲ್ಲಿನ ಗೋಡೆಗಳ ಮನೆ. ಜಗಲಿಯವರೆಗೂ ಸಿಗ್ನಲ್ ತಲುಪಲೆಂದು ಗೆಸ್ಟ್ ಜಾಲವನ್ನು, ಗೋಡೆಗಳನ್ನು ಚೆನ್ನಾಗಿ ದಾಟುವ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿಯೇ ಇಟ್ಟಿದ್ದೇನೆ. ಮತ್ತೆ ಅದೇ ಫೋನಿನಿಂದ ರೆಕಾರ್ಡರ್‌ನ ಹೊಸ ವಿಳಾಸ ಬರೆದು ನೋಡಿದಾಗ ಪುಟ ತೆರೆಯಲಿಲ್ಲ.