ಆನ್ ಪಾಸಾಂ: ಪಕ್ಕದಿಂದ ನುಸುಳಿದ ಕಾಲಾಳನ್ನು ಹೊಡೆಯುವ ಬಗೆ

ಫ್ರೆಂಚ್‌ನಿಂದ ಇಂಗ್ಲಿಷಿಗೆ ಬಂದ ‘ಆನ್ ಪಾಸಾಂ’ ಎಂದರೆ ‘ಹಾದುಹೋಗುತ್ತಾ’. ಇಂಗ್ಲಿಷ್ ಬರಹದಲ್ಲಿ ಒಂದು ವಿಷಯವನ್ನು ಪ್ರಾಸಂಗಿಕವಾಗಿ ಎತ್ತಿ ಮುಂದೆ ಸಾಗುವಾಗ ಈ ಮಾತು ಬಳಸುತ್ತಾರೆ. ಚದುರಂಗದಲ್ಲಿ ಮಾತ್ರ ಇದೊಂದು ಖಚಿತ ನಿಯಮ, ಹೊಸಬರು ಅತಿ ಹೆಚ್ಚು ಜಗಳವಾಡುವ ನಿಯಮವೂ ಹೌದು.

ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ಹೋಗುವ ಅವಕಾಶ ಹಿಂದೆ ಇರಲಿಲ್ಲ. ಯುರೋಪಿನಲ್ಲಿ ಆಟ ಚುರುಕಾಗಲೆಂದು ಅದನ್ನು ಸೇರಿಸಿದರು. ಆಗ ಎದುರಾಳಿಯ ಕಾಲಾಳಿನ ಹೊಡೆತಕ್ಕೆ ಸಿಗಬೇಕಾದ ಮನೆಯನ್ನು ದಾಟಿ ನುಸುಳಿಕೊಳ್ಳುವುದು ಸುಲಭವಾಯಿತು. ಅದನ್ನು ತಡೆಯಲು ಈ ನಿಯಮ.

ಮಣೆ ಜೋಡಿಸಿ ನೋಡಿ. ಬಿಳಿಯ ಕಡೆಯಿಂದ ನೋಡಿದಾಗ ಉದ್ದಸಾಲುಗಳಿಗೆ ಎಡದಿಂದ ಎ, ಬಿ, ಸಿ ಎಂದು ಎಚ್‌ವರೆಗೆ, ಅಡ್ಡಸಾಲುಗಳಿಗೆ 1ರಿಂದ 8ರವರೆಗೆ ಹೆಸರು. ಬಿಳಿಯ ಕಾಲಾಳು ಇ5ರಲ್ಲಿದೆ, ಕಪ್ಪಿನ ಕಾಲಾಳು ಡಿ7ರಲ್ಲಿದೆ. ಕಪ್ಪು ಒಂದೇ ನಡೆಯಲ್ಲಿ ಡಿ7ರಿಂದ ಡಿ5ಕ್ಕೆ ಬಂತು. ಈಗ ಬಿಳಿ ತನ್ನ ಕಾಲಾಳನ್ನು ಇ5ರಿಂದ ಓರೆಯಾಗಿ ಡಿ6ಕ್ಕೆ ಇಟ್ಟು, ಡಿ5ರಲ್ಲಿರುವ ಕಪ್ಪು ಕಾಲಾಳನ್ನು ಮಣೆಯಿಂದ ತೆಗೆಯಬಹುದು; ಅದು ಡಿ6ರಲ್ಲೇ ನಿಂತಿತ್ತು ಎಂಬಂತೆ. ಹೊಡೆದ ಕಾಯಿ ಹೋಗುವ ಮನೆ ಬೇರೆ, ಹೊಡೆಸಿಕೊಂಡ ಕಾಯಿ ಇದ್ದ ಮನೆ ಬೇರೆ. ಇದು ಬೇರೆ ಯಾವ ನಡೆಯಲ್ಲೂ ಇಲ್ಲ. ಅದಕ್ಕೇ ಎಷ್ಟೋ ಜನ ಡಿ5ರ ಕಾಯಿ ತೆಗೆಯುವುದನ್ನೇ ಮರೆಯುತ್ತಾರೆ. ಬರೆಯುವಾಗಲೂ ತಲುಪಿದ ಮನೆಯನ್ನೇ ಬರೆಯಬೇಕು: ಇ×ಡಿ6. ಪಕ್ಕದಲ್ಲಿ ‘ಇ.ಪಿ.’ ಎಂದು ಸೇರಿಸುವುದು ಐಚ್ಛಿಕ.

ಬಿಳಿಗೆ ಇದು 5ನೇ ಸಾಲಿನಿಂದ ಮಾತ್ರ ಸಾಧ್ಯ, ಕಪ್ಪಿಗೆ 4ನೇ ಸಾಲಿನಿಂದ. ಎದುರಾಳಿ ಎರಡು ಮನೆ ಒಮ್ಮೆಗೇ ಹೋಗಿರಬೇಕು. ಡಿ7ರಿಂದ ಡಿ6, ಆಮೇಲೆ ಡಿ5 ಎಂದು ಎರಡು ನಡೆಗಳಲ್ಲಿ ಬಂದಿದ್ದರೆ ಆಗದು. ಹೊಡೆಯುವುದು ಮರುನಡೆಯಲ್ಲೇ ಆಗಬೇಕು. ಒಂದು ನಡೆ ಬೇರೆ ಆಡಿದರೆ ಆ ಹಕ್ಕು ಹೋಯಿತು, ಮತ್ತೆ ಬರುವುದಿಲ್ಲ. ರಾಣಿ, ಕುದುರೆ, ಒಂಟೆ, ಆನೆಗಳಿಗೆ ಈ ಹೊಡೆತವಿಲ್ಲ.

ಹೊಡೆಯುವುದು ಐಚ್ಛಿಕವೇ? ಸಾಮಾನ್ಯವಾಗಿ ಹೌದು. ಆದರೆ ನಿಮಗೆ ಉಳಿದಿರುವ ಏಕೈಕ ಕಾನೂನುಬದ್ಧ ನಡೆ ಅದೇ ಆಗಿದ್ದರೆ ಆಡಲೇಬೇಕು, ನಡೆಯಿಲ್ಲದ ಡ್ರಾ ಎಂದು ಹೇಳುವಂತಿಲ್ಲ. ಹಾಗೆಯೇ ಬಿಳಿಯ ರಾಜ ಸಿ4ರಲ್ಲಿದ್ದಾಗ ಡಿ5ಕ್ಕೆ ಬಂದ ಕಾಲಾಳು ಚೆಕ್ ಕೊಟ್ಟರೆ, ಆ ಚೆಕ್ಕಿಗೆ ಈ ಹೊಡೆತವೂ ಒಂದು ಉತ್ತರ. ಚೆಕ್‌ಮೇಟ್ ಎಂದು ಕೈಚೆಲ್ಲುವ ಮೊದಲು ಇದನ್ನು ನೋಡಿಕೊಳ್ಳಿ.

ಪಳಗಿದವರೂ ಎಡವುವ ಸ್ಥಾನವೊಂದಿದೆ. ಬಿಳಿ ರಾಜ ಎ5ರಲ್ಲಿ, ಬಿಳಿ ಕಾಲಾಳು ಇ5ರಲ್ಲಿ, ಕಪ್ಪು ಆನೆ ಎಚ್5ರಲ್ಲಿ, ಈಗಷ್ಟೇ ಬಂದ ಕಪ್ಪು ಕಾಲಾಳು ಡಿ5ರಲ್ಲಿ. ಆ ಸಾಲಿನಲ್ಲಿ ಬೇರೆ ಕಾಯಿಗಳಿಲ್ಲ. ರಾಜನಿಗೂ ಆನೆಗೂ ನಡುವೆ ಎರಡು ಕಾಲಾಳುಗಳಿರುವುದರಿಂದ ಅಪಾಯವಿಲ್ಲ ಎನಿಸುತ್ತದೆ. ಆದರೆ ಆನ್ ಪಾಸಾಂ ಹೊಡೆದ ಕ್ಷಣ ಆ ಎರಡೂ 5ನೇ ಸಾಲಿನಿಂದ ಮಾಯವಾಗಿ ರಾಜ ಆನೆಯ ಬಾಯಿಗೆ ಬೀಳುತ್ತಾನೆ. ಹಾಗಾಗಿ ಆ ನಡೆ ನಿಷಿದ್ಧ. ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆಯ ನಿಯಮದ ದೀರ್ಘ ಪಂದ್ಯದಲ್ಲಿ ಮೊದಲ ನಿಷಿದ್ಧ ನಡೆಗೆ ಎದುರಾಳಿಗೆ 2 ನಿಮಿಷ ಹೆಚ್ಚುವರಿ ಸಿಗುತ್ತದೆ, ಎರಡನೆಯದಕ್ಕೆ ಸಾಮಾನ್ಯವಾಗಿ ಪಂದ್ಯವೇ ಹೋಗುತ್ತದೆ.

ಅವಕಾಶ ಸಿಕ್ಕಿತೆಂದು ಪ್ರತಿಸಲ ಹೊಡೆಯುವುದು ಒಳ್ಳೆಯದಲ್ಲ. ಇ5ರ ಕಾಲಾಳು ಎದುರಾಳಿಯ ಕಾಯಿಗಳನ್ನು ಇಕ್ಕಟ್ಟಿನಲ್ಲಿಟ್ಟಿರುತ್ತದೆ. ಹೊಡೆದರೆ ಆ ಒತ್ತಡ ಸಡಿಲವಾಗುತ್ತದೆ. ಕಪ್ಪಿನ ಆರಂಭದ ವರಸೆಯಾದ ಫ್ರೆಂಚ್ ಡಿಫೆನ್ಸ್‌ನಲ್ಲಿ ಕಪ್ಪು ಎಫ್7ರಿಂದ ಎಫ್5 ಆಡಿದಾಗ ಲೆಕ್ಕ ಹೀಗೆ: ಬಿಳಿಯಾದ ನೀವು ಎಫ್6ಕ್ಕೆ ಹೊಡೆದ ಮೇಲೆ ಕಪ್ಪು ಕುದುರೆಯಿಂದಲೋ ರಾಣಿಯಿಂದಲೋ ಮರುಹೊಡೆತ ಕೊಟ್ಟರೆ ಇ6ರ ಕಾಲಾಳು ಹಿಂದುಳಿದು, ನಿಮ್ಮ ಆನೆಗೆ ತೆರೆದ ಗುರಿಯಾಗುತ್ತದೆ. ಜಿ7ರ ಕಾಲಾಳಿನಿಂದ ಹೊಡೆಯಲು ಸಾಧ್ಯವಿದ್ದರೆ ಎಫ್6ರ ಆಸರೆಯಿಂದ ಇ5ಕ್ಕೆ ನುಗ್ಗುವ ಬಲ ಕಪ್ಪಿಗೇ ಬರುತ್ತದೆ. ಆಗ ಹೊಡೆಯುವ ಮುನ್ನ ಇನ್ನೊಮ್ಮೆ ಯೋಚಿಸಿ.